ಕೊನೆಗಾಲದಲ್ಲಿ ಕೊಂಡ ಪಿಎಸ್ 4: ನನ್ನ ಅನುಭವ

"ಹೊಸದು ಬರ್ತಾ ಇದೆ, ಈಗ ಹೋಗಿ ಹಳೇದು ತಗೊಳ್ತೀಯಲ್ಲೋ!" 2020ರ ಮಧ್ಯದಲ್ಲಿ ನಾನು ಪಿಎಸ್ 4 (ಸೋನಿಯ ಪ್ಲೇಸ್ಟೇಷನ್ 4, ಟಿವಿಗೆ ಜೋಡಿಸಿ ಆಡುವ ಗೇಮ್ ಮೆಷಿನ್) ಹುಡುಕುತ್ತಿದ್ದಾಗ ಗೆಳೆಯರೆಲ್ಲ ಹೇಳಿದ್ದು ಇದನ್ನೇ. ಅಣ್ಣನೂ ಅದನ್ನೇ ಹೇಳಿದ. ಪಿಎಸ್ 5 ಆ ವರ್ಷ ನವೆಂಬರ್‌ಗೆ ಬರುವುದಿತ್ತು. ಪಿಎಸ್ 4 ಬಂದದ್ದು 2013ರ ನವೆಂಬರ್‌ನಲ್ಲಿ. ಏಳು ವರ್ಷ ಹಳೆಯ ಮೆಷಿನ್‌ಗೆ ದುಡ್ಡು ಹಾಕುವುದು ದಂಡ ಅನ್ನುವುದು ಅವರ ಲೆಕ್ಕ.

ಈಗ ನನ್ನ ಹತ್ತಿರವೂ ಲೆಕ್ಕ ಇದೆ. ಆಡಿ ಮುಗಿಸಿದ ಗೇಮ್‌ಗಳು ನಲವತ್ತರ ಹತ್ತಿರ. ಮೆಷಿನ್ ಇವತ್ತಿಗೂ ಸದ್ದಿಲ್ಲದೆ ಓಡುತ್ತಿದೆ. ಒಟ್ಟು ಖರ್ಚು ಎಷ್ಟು ಅಂತ ಕೊನೆಗೆ ಹೇಳುತ್ತೇನೆ. ಒಂದೊಂದು ಕಡೆ ಒಂದೊಂದು ರೇಟು ಇರುತ್ತದೆ, ಅದೂ ವರ್ಷ ವರ್ಷ ಬದಲಾಗುತ್ತದೆ. ಅದಕ್ಕೇ ಇಲ್ಲಿ ದುಡ್ಡನ್ನೆಲ್ಲ "ಹೊಸ ಗೇಮ್" ಲೆಕ್ಕದಲ್ಲಿ ಹೇಳುತ್ತೇನೆ. ಬಿಡುಗಡೆಯ ದಿನ ಒಂದು ದೊಡ್ಡ ಗೇಮಿಗೆ ಏನು ಕೊಡಬೇಕೋ ಅದು ಒಂದು. ನೀವಿರುವ ಕಡೆಯ ರೇಟಿಗೆ ಗುಣಿಸಿಕೊಳ್ಳಿ.

ಮೊದಲು ಸೋತ ಕಥೆ.

ಮೊದಲ ಸಲ ಕೊಂಡದ್ದು ಹಳೇ ದಪ್ಪ ಮಾಡೆಲ್, ಸಿಯುಎಚ್-1100 ಸರಣಿಯದ್ದು. ಎರಡೂವರೆ ಹೊಸ ಗೇಮಿನ ಬೆಲೆಗೆ ಸಿಕ್ಕಿತು. ಎಂಥ ಅಗ್ಗ ಅಂತ ಕುಣಿದಾಡಿದೆ. ಎರಡನೇ ದಿನವೇ ಆಡುತ್ತಿರುವಾಗ ಟುಕ್ ಟುಕ್ ಅಂತ ಸದ್ದು ಮಾಡಿ ಡಿಸ್ಕ್ ತಾನಾಗಿಯೇ ಹೊರಗೆ ಬಂತು. ಒಳಗೆ ಹಾಕಿದರೆ ಮತ್ತೆ ಹೊರಗೆ. ಆ ಸರಣಿಯಲ್ಲಿ ಇಜೆಕ್ಟ್ ಒತ್ತುವ ಗುಂಡಿಯಲ್ಲ, ಬೆರಳು ಸೋಕಿದರೆ ಸಾಕು ಅನ್ನುವ ಸೆನ್ಸರ್. ಕೆಳಗಿನ ರಬ್ಬರ್ ಕಾಲು ಶಾಖಕ್ಕೆ ಉಬ್ಬಿ ಒಳಗಿಂದ ಒತ್ತಿದರೆ ಅದಕ್ಕೆ ಯಾರೋ ಮುಟ್ಟಿದ ಹಾಗೆ ಆಗುತ್ತದೆ. ಆ ಒಂದು ಕಾಲನ್ನು ಕಿತ್ತೆ, ಮೆಷಿನ್ ಸುಮ್ಮನಾಯಿತು. ಪುಕ್ಕಟೆ ರಿಪೇರಿ. ನನಗೆ ಧೈರ್ಯ ಬಂದದ್ದೇ ಅಲ್ಲಿ.

ಮೂರು ವಾರಕ್ಕೆ ಟಿವಿಯಲ್ಲಿ ಚಿತ್ರ ಮಿಣುಕತೊಡಗಿತು. ಕೇಬಲ್ ಬದಲಿಸಿದೆ. ಟಿವಿ ಬದಲಿಸಿ ನೋಡಿದೆ. ಕೊನೆಗೆ ಬಿಚ್ಚಿ ನೋಡಿದರೆ ಎಚ್‌ಡಿಎಂಐ ಪೋರ್ಟನ್ನು ಹಿಂದೆ ಯಾರೋ ಒಮ್ಮೆ ಕಿತ್ತು ಬೆಸುಗೆ ಹಾಕಿದ್ದರು. ಬೋರ್ಡ್ ಮೇಲಿನ ತಾಮ್ರದ ಪ್ಯಾಡ್ ಎರಡು ಕಡೆ ಎದ್ದುಬಂದಿತ್ತು. ಅದನ್ನು ಸರಿಮಾಡುವಷ್ಟು ಕೈ ಆಗ ನನಗೆ ಪಳಗಿರಲಿಲ್ಲ. ಬಿಡಿಭಾಗಕ್ಕೆ ಅಂತ ಒಂದು ಹೊಸ ಗೇಮಿನ ಬೆಲೆಗೆ ಮಾರಿದೆ. ಒಂದೂವರೆ ಹೋಯಿತು. ಗೆಳೆಯರು "ನಾವು ಹೇಳಿರಲಿಲ್ವಾ" ಅಂದರು. ಅಣ್ಣ ಏನೂ ಅನ್ನಲಿಲ್ಲ, ಅದು ಇನ್ನೂ ಚುಚ್ಚಿತು.

ಆಮೇಲೆ ಎರಡು ವರ್ಷಕ್ಕೂ ಜಾಸ್ತಿ ಕಾಯಬೇಕಾಯಿತು. ಹೊಸ ಮೆಷಿನ್ ಬಂದ ಕೂಡಲೇ ಹಳೆಯದರ ಬೆಲೆ ಇಳಿಯುತ್ತದೆ ಅಂದುಕೊಂಡಿದ್ದೆ. ಇಳಿಯಲಿಲ್ಲ. ಪಿಎಸ್ 5 ಬಂತು, ಆದರೆ ಚಿಪ್ ಕೊರತೆಯಿಂದ ಯಾರಿಗೂ ಸಿಗುತ್ತಿರಲಿಲ್ಲ. ಹೊಸದು ಸಿಗದವರು ಹಳೆಯದನ್ನು ಮಾರುತ್ತಾರೆಯೇ? ಸೆಕೆಂಡ್ ಹ್ಯಾಂಡ್ ಪ್ರೊ (ಪಿಎಸ್ 4ರ ಹೆಚ್ಚು ಶಕ್ತಿಯ ಮಾಡೆಲ್) ಬೆಲೆ ಕೆಲವು ತಿಂಗಳು ಏರಿಯೇ ಬಿಟ್ಟಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಹೊಸದು ಬಿಡುಗಡೆಯಾದ ದಿನ ಮುಖ್ಯವಲ್ಲ. ಹೊಸದು ಸಲೀಸಾಗಿ ಕೈಗೆ ಸಿಗುವ ದಿನ ಮುಖ್ಯ. ಆಗ ಮಾತ್ರ ಚೆನ್ನಾಗಿ ನೋಡಿಕೊಂಡ ಮೆಷಿನ್‌ಗಳು ಹೊರಗೆ ಬರುತ್ತವೆ. ಅದಕ್ಕೂ ಮುಂಚೆ ಮಾರಾಟಕ್ಕೆ ಬರುವುದರಲ್ಲಿ ಜಾಸ್ತಿ ಪಾಲು ಏನೋ ತೊಂದರೆ ಇರುವಂಥದ್ದೇ.

2022ರ ಕೊನೆಯ ಹೊತ್ತಿಗೆ ಆ ಕಾಲ ಬಂತು. ಈ ಸಲ ಹುಡುಕಿದ್ದು ಒಂದೇ ಮಾಡೆಲ್: ಪ್ರೊ, ಅದರಲ್ಲೂ ಸಿಯುಎಚ್-7200. ಪ್ರೊ ಮೂರು ಸರಣಿಯಲ್ಲಿ ಬಂದಿದೆ: 7000, 7100, 7200. ಕೊನೆಯದು ಮೂರರಲ್ಲೂ ಸದ್ದು ಕಡಿಮೆ ಮಾಡುವುದು. ಜನ ಸ್ಟಿಕ್ಕರ್ ಫೋಟೋ ಹಾಕಿರುವುದಿಲ್ಲ, ಕೇಳಿದರೆ ಉತ್ತರವೂ ಕೊಡುವುದಿಲ್ಲ. ಹಿಂಬದಿಯ ಫೋಟೋ ಇದ್ದರೆ ಸಾಕು. ಕರೆಂಟ್ ಕೇಬಲ್ ಸಿಕ್ಕಿಸುವ ಜಾಗ ಎಂಟರ ಆಕಾರದ ಎರಡು ಪಿನ್ನಿನದಾಗಿದ್ದರೆ 7200. ಕಂಪ್ಯೂಟರ್‌ನ ದಪ್ಪ ಕೇಬಲ್ ಹಿಡಿಸುವಂಥದ್ದಾಗಿದ್ದರೆ ಹಿಂದಿನವು. ಮಾರುವವರಿಗೇ ಗೊತ್ತಿಲ್ಲದೆ 7000ದ ಬೆಲೆಗೆ 7200 ಕೊಟ್ಟವರನ್ನು ನೋಡಿದ್ದೇನೆ. ನನಗೆ ಸಿಕ್ಕಿದ್ದೂ ಹಾಗೇ. ನಾಲ್ಕು ಹೊಸ ಗೇಮಿನ ಬೆಲೆ, ಜೊತೆಗೆ ಒಂದು ಕಂಟ್ರೋಲರ್ ಮತ್ತು ಮೂರು ಡಿಸ್ಕ್.

ದುಡ್ಡು ಕೊಡುವ ಮುಂಚೆ ಅಲ್ಲೇ ಮುಕ್ಕಾಲು ಗಂಟೆ ಕೂತು ನೋಡಿದೆ. ನನ್ನ ಅಕೌಂಟಿನಲ್ಲಿ ಸೋನಿಯ ಆನ್‌ಲೈನ್ ಜಾಲವಾದ ಪಿಎಸ್‌ಎನ್‌ಗೆ ಸೈನ್ ಇನ್ ಮಾಡಿದೆ. ಮೆಷಿನ್ ಬ್ಯಾನ್ ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಗೇಮ್ ಡಿಸ್ಕ್ ಹಾಕಿ ಇನ್‌ಸ್ಟಾಲ್ ಶುರುವಾಗುವುದನ್ನು ನೋಡಿದೆ. ಎಚ್‌ಡಿಎಂಐ ಕೇಬಲನ್ನು ಮೆಲ್ಲಗೆ ಅಲ್ಲಾಡಿಸಿದೆ, ಮೊದಲ ಪೆಟ್ಟು ಮರೆತಿರಲಿಲ್ಲ. ಯುಎಸ್‌ಬಿ ಪೋರ್ಟ್ ಮೂರನ್ನೂ ನೋಡಿದೆ. ಇನ್ನೊಂದು ಪರೀಕ್ಷೆ ಇದೆ, ಮೆಷಿನ್ ಆನ್ ಮಾಡುವ ಮುಂಚೆಯೇ ಮಾಡುವಂಥದ್ದು. ಹತ್ತರಲ್ಲಿ ಏಳು ಕೆಟ್ಟ ಮೆಷಿನ್‌ಗಳನ್ನು ಅದರಿಂದಲೇ ದೂರ ಇಟ್ಟಿದ್ದೇನೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನಾನು ಇನ್ನೂ ಸೆಕೆಂಡ್ ಹ್ಯಾಂಡ್ ಮೆಷಿನ್ ಕೊಳ್ಳುವವನು, ಅದು ನನ್ನ ಹತ್ತಿರವೇ ಇರಲಿ.

ಸದ್ದಿನ ಪರೀಕ್ಷೆ ಮಾತ್ರ ಎಲ್ಲರಿಗೂ ಹೇಳುತ್ತೇನೆ. ಹೊರೈಜನ್ ಝೀರೋ ಡಾನ್ ಅನ್ನುವ ಗೇಮ್ ಹಾಕಿ, ಮ್ಯಾಪ್ ತೆರೆದು ಸುಮ್ನೆ ಬಿಡಿ. ಆಟದ ಮಧ್ಯೆ ಸುಮ್ಮನಿರುವ ಫ್ಯಾನ್ ಆ ಮ್ಯಾಪ್ ತೆರೆದರೆ ಏರತೊಡಗುತ್ತದೆ. ಹತ್ತು ನಿಮಿಷ ಬಿಟ್ಟರೆ ಒಳಗಿನ ಪೇಸ್ಟ್ (ಚಿಪ್ಪಿನ ಶಾಖ ಹೊರಗೆ ಹೋಗಲು ಅದರ ಮೇಲೆ ಹಚ್ಚುವಂಥದ್ದು) ಯಾವ ಸ್ಥಿತಿಯಲ್ಲಿದೆ ಅಂತ ಕಿವಿಯಲ್ಲೇ ತಿಳಿಯುತ್ತದೆ. ನನ್ನದು ಆ ದಿನ ಏರಿತು. ತಂದು ಬಿಚ್ಚಬೇಕು ಅಂತ ಗೊತ್ತಾಗಿಯೇ ಕೊಂಡೆ, ಅದನ್ನೇ ಹೇಳಿ ಸ್ವಲ್ಪ ಬೆಲೆಯನ್ನೂ ಇಳಿಸಿದೆ.

ಬಿಚ್ಚುವುದನ್ನು ಹಂತ ಹಂತವಾಗಿ ಹೇಳುವುದಿಲ್ಲ. ಟಿ8 ಸೆಕ್ಯೂರಿಟಿ ಬಿಟ್ (ನಕ್ಷತ್ರದ ಆಕಾರದ ಸ್ಕ್ರೂಡ್ರೈವರ್ ತುದಿ), ನಡುವೆ ತೂತು ಇರುವಂಥದ್ದು, ಬೇಕೇ ಬೇಕು. ಅಗ್ಗದ ಸೆಟ್ಟಿನ ಬಿಟ್ ಮೊದಲ ಸ್ಕ್ರೂಗೇ ತಿರುಚಿಕೊಂಡಿತು, ಸ್ಕ್ರೂ ತಲೆಯೂ ಸವೆಯಿತು. ಒಳ್ಳೆ ಬಿಟ್ ಒಂದನ್ನೇ ಬೇರೆಯಾಗಿ ಕೊಂಡರೆ ಆ ಪೂರ್ತಿ ಸೆಟ್ಟಿಗಿಂತ ಕಡಿಮೆ.

ಒಳಗೆ ಕಂಡದ್ದನ್ನು ಹೇಳಲೇಬೇಕು. ಫ್ಯಾನ್ ರೆಕ್ಕೆಗಳ ತುದಿಗೆ ಧೂಳು ಬೂದು ಬಣ್ಣದ ಕಂಬಳಿ ಹಾಗೆ ಅಂಟಿತ್ತು. ಊದಿದರೆ ಹೋಗಲಿಲ್ಲ, ಬ್ರಷ್ಷಿನಲ್ಲಿ ಒಂದೊಂದೇ ರೆಕ್ಕೆ ಉಜ್ಜಬೇಕಾಯಿತು. ಚಿಪ್ಪಿನ ಶಾಖ ಹೀರುವ ಲೋಹದ ಹೀಟ್‌ಸಿಂಕಿನ ಎಲೆಗಳ ಬಾಯಿ ಅರ್ಧ ಮುಚ್ಚಿತ್ತು. ಎಕ್ಸ್ ಆಕಾರದ ಕ್ಲಾಂಪಿನ ಎರಡು ಸ್ಕ್ರೂ ಬಿಚ್ಚಿ ಬೋರ್ಡ್ ಎತ್ತಿದಾಗ ಚಿಪ್ ಮೇಲಿನ ಪೇಸ್ಟ್ ಒಣಗಿದ ಸುಣ್ಣದ ಹಾಗೆ ಚೂರು ಚೂರಾಗಿ ಉದುರಿತು. ಉಗುರಲ್ಲಿ ಕೆರೆದರೆ ಪುಡಿ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿದ ಮೇಲೆ ಚಿಪ್ ಕನ್ನಡಿ ಹಾಗೆ ಹೊಳೆಯಿತು. ಅದರಲ್ಲಿ ನನ್ನ ಹೆಬ್ಬೆರಳು ಕಾಣುತ್ತಿತ್ತು.

ಇಷ್ಟೆಲ್ಲ ಮಾಡಿ ಜೋಡಿಸಿದೆ. ಸದ್ದು ಮೊದಲಿಗಿಂತ ಜಾಸ್ತಿ ಆಯಿತು!

ಎರಡು ದಿನ ತಲೆ ಕೆಡಿಸಿಕೊಂಡೆ. ಪೇಸ್ಟ್ ಕಡಿಮೆ ಆಯಿತಾ, ಜಾಸ್ತಿ ಆಯಿತಾ ಅಂತ ಎರಡು ಸಲ ಬಿಚ್ಚಿ ಹಚ್ಚಿದೆ. ತಪ್ಪು ಪೇಸ್ಟಿನಲ್ಲಿ ಇರಲೇ ಇಲ್ಲ. ಮೆಮೊರಿ ಚಿಪ್‌ಗಳ ಮೇಲೆ ನಾನು ಹಾಕಿದ ಹೊಸ ಥರ್ಮಲ್ ಪ್ಯಾಡ್ (ಶಾಖ ಸಾಗಿಸುವ ಮೆತ್ತನೆ ಪಟ್ಟಿ) ಹಳೆಯದಕ್ಕಿಂತ ತುಸು ದಪ್ಪ ಇತ್ತು. ಅದರ ಮೇಲೆ ಲೋಹದ ತಗಡು ಕೂತಾಗ ಬೋರ್ಡ್ ಕೂದಲೆಳೆಯಷ್ಟು ಮೇಲೆ ನಿಲ್ಲುತ್ತಿತ್ತು, ಚಿಪ್ ಹೀಟ್‌ಸಿಂಕಿಗೆ ಸರಿಯಾಗಿ ಒತ್ತುತ್ತಿರಲಿಲ್ಲ. ಪೇಸ್ಟ್ ಅಚ್ಚು ನೋಡಿದಾಗ ಗೊತ್ತಾಯಿತು: ಒಂದು ಮೂಲೆಯಲ್ಲಿ ತೆಳ್ಳಗೆ ಹರಡಿತ್ತು, ಎದುರು ಮೂಲೆಯಲ್ಲಿ ಹಚ್ಚಿದ ಹಾಗೇ ಮುದ್ದೆಯಾಗಿ ಉಳಿದಿತ್ತು. ಹಳೇ ಪ್ಯಾಡನ್ನು ಎಸೆಯದೆ ಇಟ್ಟುಕೊಂಡಿದ್ದೆ, ಅದನ್ನೇ ಹಿಡಿದು ಅಳೆದು ಸರಿಯಾದ ದಪ್ಪದ್ದು ತಂದೆ. ಕ್ಲಾಂಪಿನ ಎರಡು ಸ್ಕ್ರೂವನ್ನು ಒಂದೇ ಸಲಕ್ಕೆ ಪೂರ್ತಿ ಬಿಗಿಯಬೇಡಿ. ಇದಕ್ಕೆ ಎರಡು ಸುತ್ತು, ಅದಕ್ಕೆ ಎರಡು ಸುತ್ತು, ಹೀಗೆ ಹೋಗಿ. ನಾನು ಪೇಸ್ಟ್ ಹಚ್ಚುವ ರೀತಿ ಬೇರೆ ಇದೆ, ಅದು ಹೇಳಿ ಬರುವುದಲ್ಲ, ಕೈಯಲ್ಲೇ ಬರಬೇಕು.

ನಾಲ್ಕನೇ ಸಲ ಜೋಡಿಸಿ ಮ್ಯಾಪ್ ತೆರೆದೆ. ಹತ್ತು ನಿಮಿಷ ಆಯಿತು, ಇಪ್ಪತ್ತು ಆಯಿತು. ಫೋನಿನಲ್ಲಿ ಸದ್ದು ಅಳೆಯುವ ಆಪ್ ಇಟ್ಟಿದ್ದೆ. ಕೊಂಡ ದಿನ 55 ಡೆಸಿಬೆಲ್ ಆಸುಪಾಸು ತೋರಿಸಿದ್ದು, ಈಗ 44, 45. ಫೋನ್ ಆಪನ್ನು ಪೂರ್ತಿ ನಂಬಲಾಗದು, ಆದರೆ ಒಂದೇ ಫೋನ್, ಒಂದೇ ಜಾಗ, ಒಂದೇ ದೂರ. ಪಕ್ಕದ ಕೋಣೆಯಿಂದ ಅಣ್ಣ ಬಂದು "ಆಫ್ ಮಾಡಿದ್ಯಾ?" ಅಂತ ಕೇಳಿದ. ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನಗೆ ಬೇಕಿರಲಿಲ್ಲ.

ಹೇಗೂ ಬಿಚ್ಚಿದ್ದೆ, ಒಳಗಿನ ಸಿಆರ್2032 ಬ್ಯಾಟರಿಯನ್ನೂ ಬದಲಿಸಿದೆ. ಈ ಪುಟ್ಟ ಬ್ಯಾಟರಿಯ ಬಗ್ಗೆ 2021ರಲ್ಲಿ ಎಲ್ಲರೂ ಹೆದರಿದ್ದು ನೆನಪಿರಬಹುದು. ಅದು ಸತ್ತು, ಮೆಷಿನ್‌ಗೆ ಪಿಎಸ್‌ಎನ್ ಸಂಪರ್ಕವೂ ಸಿಗದಿದ್ದರೆ ಗೇಮ್‌ಗಳೇ ತೆರೆಯುತ್ತಿರಲಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಂದ 9.00 ಸಾಫ್ಟ್‌ವೇರ್ ಆ ತೊಂದರೆ ತೆಗೆಯಿತು. ಹಳೇ ಮೆಷಿನ್ ಇಟ್ಟುಕೊಳ್ಳುವವರಿಗೆ ಅದಕ್ಕಿಂತ ಒಳ್ಳೆಯ ಸುದ್ದಿ ಬೇರೊಂದಿಲ್ಲ. ಸೆಕೆಂಡ್ ಹ್ಯಾಂಡ್ ಕೊಂಡವರು ಮೊದಲು ಅಪ್‌ಡೇಟ್ ಮಾಡಿ, ಆಮೇಲೆ ಉಳಿದದ್ದು.

ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲು ಹಾಕುವ ವೇಗದ ಡ್ರೈವ್) ವಿಷಯಕ್ಕೆ ಬರುತ್ತೇನೆ, ಇಲ್ಲಿ ನನ್ನನ್ನು ತಡೆದವರು ಬಹಳ. "ಪಿಎಸ್ 4ಗೆ ಎಸ್‌ಎಸ್‌ಡಿ ಹಾಕಿದರೆ ದುಡ್ಡು ನೀರಿಗೆ ಹಾಕಿದ ಹಾಗೆ, ಪ್ರೊಸೆಸರ್ ಅಷ್ಟು ವೇಗ ತಾಳುವುದಿಲ್ಲ" ಅಂದರು. ಅರ್ಧ ನಿಜ. ಪಿಎಸ್ 4ರ ಜಾಗ್ವಾರ್ ಪ್ರೊಸೆಸರ್ ನಿಧಾನ, ಗೇಮ್ ಫೈಲನ್ನು ಬಿಡಿಸುವುದರಲ್ಲೇ ಸುಸ್ತಾಗುತ್ತದೆ. ಲೋಡಿಂಗ್ ಮಾಯ ಆಗುವುದಿಲ್ಲ. ದಿ ವಿಚರ್ 3ರಲ್ಲಿ ದೂರದ ಊರಿಗೆ ಹಾರಿದರೆ ನನ್ನ ಹಳೇ ಹಾರ್ಡ್ ಡಿಸ್ಕಿನಲ್ಲಿ ಒಂದೂಕಾಲು ನಿಮಿಷ ಹಿಡಿಯುತ್ತಿದ್ದದ್ದು ಮುಕ್ಕಾಲು ನಿಮಿಷಕ್ಕೆ ಬಂತು, ಅಷ್ಟೇ.

ಆದರೆ ಆ ವಾದ ಮಾಡುವವರು ಅಪ್‌ಡೇಟ್ ಮರೆತಿರುತ್ತಾರೆ. ಪಿಎಸ್ 4ನಲ್ಲಿ ಸಣ್ಣ ಪ್ಯಾಚ್ (ಗೇಮ್ ತಿದ್ದುವ ಅಪ್‌ಡೇಟ್) ಬಂದರೂ ಡೌನ್‌ಲೋಡ್ ಆದ ಮೇಲೆ "ಕಾಪಿಯಿಂಗ್" ಅಂತ ಇನ್ನೊಂದು ಗೆರೆ ಓಡುತ್ತದಲ್ವಾ? ಅಲ್ಲಿ ಅದು ಇಡೀ ಗೇಮನ್ನೇ ಹೊಸದಾಗಿ ಬರೆಯುತ್ತಿರುತ್ತದೆ. 90, 100 ಜಿಬಿ ಗೇಮ್ ಆದರೆ ಅಷ್ಟೇ ಖಾಲಿ ಜಾಗವೂ ಬೇಕು. ಜನರೇಷನ್ ಕೊನೆಗೆ ಕೊಂಡವನು ಪ್ರತಿ ಗೇಮಿಗೂ ಏಳೆಂಟು ವರ್ಷದ ಪ್ಯಾಚ್‌ಗಳನ್ನು ಒಟ್ಟಿಗೇ ಇಳಿಸಬೇಕು. ಹಾರ್ಡ್ ಡಿಸ್ಕಿನಲ್ಲಿ ನನಗೆ ಆ ಒಂದು ಗೆರೆಗೆ ನಲವತ್ತು ನಿಮಿಷ ಹೋಗುತ್ತಿತ್ತು. ಎಸ್‌ಎಸ್‌ಡಿ ಹಾಕಿದ ಮೇಲೆ ಹತ್ತು ಹನ್ನೆರಡು ನಿಮಿಷ. ದಿನಕ್ಕೆ ಒಂದು ಗಂಟೆ ಆಡಲು ಸಿಗುವವನಿಗೆ ಅದು ದೊಡ್ಡ ವಿಷಯ. 1 ಟಿಬಿ ಎಸ್‌ಎಸ್‌ಡಿಗೆ ಒಂದೂಕಾಲು ಹೊಸ ಗೇಮಿನಷ್ಟು ಕೊಟ್ಟೆ. ಮುಂದೆ ಮೆಷಿನ್ ಹೋದರೂ ಲ್ಯಾಪ್‌ಟಾಪಿಗೆ ಆಗುತ್ತದೆ.

ಹಾಕುವುದು ಹತ್ತು ನಿಮಿಷದ ಕೆಲಸ. ಪ್ರೊನಲ್ಲಿ ಹಿಂದಿನ ಚಿಕ್ಕ ಮುಚ್ಚಳ ತೆಗೆದು ಒಂದು ಸ್ಕ್ರೂ ಬಿಚ್ಚಿದರೆ ಡ್ರೈವ್ ಹೊರಗೆ ಬರುತ್ತದೆ. ಹೊಸ ಡ್ರೈವಿಗೆ ಮೆಷಿನ್ನಿನ ಸಾಫ್ಟ್‌ವೇರನ್ನು ಯುಎಸ್‌ಬಿ ಡ್ರೈವಿನಿಂದ ಹಾಕಬೇಕು, ಎಲ್ಲರೂ ಎಡವುವುದು ಅಲ್ಲೇ. ಫ್ಯಾಟ್32 ಫಾರ್ಮ್ಯಾಟ್, "ಪಿಎಸ್4" ಅನ್ನುವ ಫೋಲ್ಡರ್, ಅದರೊಳಗೆ "ಅಪ್‌ಡೇಟ್" ಫೋಲ್ಡರ್, ಎರಡೂ ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ. ಇಳಿಸಬೇಕಾದದ್ದು ಸುಮಾರು 1 ಜಿಬಿ ಇರುವ ರೀಇನ್‌ಸ್ಟಾಲ್ ಫೈಲ್. ಅರ್ಧದಷ್ಟೇ ಇರುವ ಅಪ್‌ಡೇಟ್ ಫೈಲ್ ಅಲ್ಲ. ನಾನು ಚಿಕ್ಕದನ್ನು ಇಳಿಸಿ ಒಂದು ಸಂಜೆ ಪೂರ್ತಿ ಕಳೆದೆ.

ಇದೇ ಹುಚ್ಚಿನಲ್ಲಿ ಇನ್ನೊಂದು ಪ್ರಯೋಗ ಮಾಡಿದೆ. ಅದೇ ಎಸ್‌ಎಸ್‌ಡಿಯನ್ನು ಒಳಗೆ ಹಾಕದೆ ಯುಎಸ್‌ಬಿ 3.0 ಡಬ್ಬಿಯಲ್ಲಿ ಹೊರಗಿನಿಂದ ಜೋಡಿಸಿದರೆ? 2017ರ 4.50 ಸಾಫ್ಟ್‌ವೇರಿನಿಂದ ಹೊರಗಿನ ಡ್ರೈವಿನಲ್ಲೂ ಗೇಮ್ ಇಡಬಹುದು, 250 ಜಿಬಿಯಿಂದ 8 ಟಿಬಿವರೆಗೆ. ಸ್ಟಾಪ್‌ವಾಚ್ ಹಿಡಿದು ಮೂರು ಗೇಮ್ ಅಳೆದೆ. ಒಳಗೆ ಇದ್ದಾಗ ಮತ್ತು ಹೊರಗೆ ಇದ್ದಾಗ ವ್ಯತ್ಯಾಸ ಒಂದೆರಡು ಸೆಕೆಂಡ್ ಅಷ್ಟೇ. ಮೆಷಿನ್ ಬಿಚ್ಚಲು ಹೆದರುವವರು ಹೊರಗೇ ಹಾಕಿಕೊಳ್ಳಿ, ಏನೂ ನಷ್ಟ ಇಲ್ಲ. ನಾನು ಒಳಗೆ ಹಾಕಿದ್ದು ಮೆನು ಚುರುಕಾಗುತ್ತದೆ ಅಂತ. ಟ್ರೋಫಿ ಪಟ್ಟಿ, ಸ್ಟೋರ್ ಎಲ್ಲ ನಿಜವಾಗಿ ಚುರುಕಾಯಿತು.

ಮೆಷಿನ್ ಆಯಿತು, ಇನ್ನು ಗೇಮ್. ಕೊನೆಗಾಲದ ಸುಖ ಇರುವುದೇ ಇಲ್ಲಿ.

ಬಿಡುಗಡೆ ದಿನ ಕೊಂಡವರು ಅರ್ಧಂಬರ್ಧ ಗೇಮ್ ಆಡಿದ್ದಾರೆ. ನಾನು ಆಡಿದ್ದು ಪೂರ್ತಿ ಆದದ್ದನ್ನು. ಸೈಬರ್‌ಪಂಕ್ 2077 ಡಿಸೆಂಬರ್ 2020ರಲ್ಲಿ ಬಂದು, ಅದೇ ತಿಂಗಳು ಪ್ಲೇಸ್ಟೇಷನ್ ಸ್ಟೋರಿನಿಂದ ಹೊರಗೆ ಹೋಗಿ, ಮುಂದಿನ ಜೂನ್‌ಗೆ ವಾಪಸ್ ಬಂತು. ನಾನು ಆಡಿದ್ದು 2023ರಲ್ಲಿ, ಎಲ್ಲ ಪ್ಯಾಚ್ ಆದ ಮೇಲೆ, ಒಂದು ಹೊಸ ಗೇಮಿನ ಕಾಲು ಭಾಗಕ್ಕೆ. ಪ್ರೊನಲ್ಲಿ ಚೆನ್ನಾಗಿಯೇ ಓಡಿತು. ಆದರೆ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಂದ ಅದರ ದೊಡ್ಡ ವಿಸ್ತರಣೆ ಪಿಎಸ್ 4ಗೆ ಬರಲೇ ಇಲ್ಲ. ಕೊನೆಗಾಲದವರು ಈ ನಷ್ಟ ಒಪ್ಪಿಕೊಳ್ಳಬೇಕು. ಇನ್ನೊಂದು ಕಡೆ, 2022ರಲ್ಲಿ ಬಂದ ಹೊರೈಜನ್ ಫರ್ಬಿಡನ್ ವೆಸ್ಟ್, ಎಲ್ಡನ್ ರಿಂಗ್, ಗ್ರ್ಯಾನ್ ಟುರಿಸ್ಮೊ 7, ಗಾಡ್ ಆಫ್ ವಾರ್ ರ್‍ಯಾಗ್ನರಾಕ್, ನಾಲ್ಕೂ ಪಿಎಸ್ 4ಗೂ ಬಂದವು. ಒಂಬತ್ತು ವರ್ಷ ಹಳೆಯ ಪೀಳಿಗೆಯ ಮೆಷಿನ್‌ನಲ್ಲಿ ರ್‍ಯಾಗ್ನರಾಕ್ ಓಡುವುದನ್ನು ಕಂಡು ಮನಸ್ಸು ತುಂಬಿ ಬಂತು.

ನನ್ನ ಪದ್ಧತಿ ಸರಳ: ಡಿಸ್ಕ್ ಕೊಳ್ಳುವುದು, ಆಡುವುದು, ಮಾರುವುದು. ಕೊನೆಗಾಲದಲ್ಲಿ ಸೆಕೆಂಡ್ ಹ್ಯಾಂಡ್ ಡಿಸ್ಕಿನ ಬೆಲೆ ತಳ ಕಂಡಿರುತ್ತದೆ, ಇನ್ನು ಬೀಳಲು ಜಾಗ ಇರುವುದಿಲ್ಲ. ಹಾಗಾಗಿ ಕೊಂಡ ಬೆಲೆಗೇ ಮಾರಬಹುದು. ನಲವತ್ತೊಂದೋ ಎರಡೋ ಡಿಸ್ಕ್ ಕೊಂಡೆ, ಮೂವತ್ತೈದರ ಹತ್ತಿರ ಮಾರಿದೆ. ಕಳೆದದ್ದೆಲ್ಲ ಸೇರಿ ಮೂರು ಹೊಸ ಗೇಮಿನ ಬೆಲೆ. ಗೀರುಗಳಿಗೆ ಜಾಸ್ತಿ ಹೆದರಬೇಡಿ, ಬ್ಲೂ-ರೇ ಮೇಲಿನ ಪದರ ಹಳೇ ಡಿವಿಡಿಗಿಂತ ಗಟ್ಟಿ. ನಡುವಿನ ತೂತಿನ ಸುತ್ತ ಬಿರುಕು ಇದ್ದರೆ ಮಾತ್ರ ಮುಟ್ಟಬೇಡಿ.

ಇದರಲ್ಲೂ ಏಟು ತಿಂದಿದ್ದೇನೆ. ರೆಡ್ ಡೆಡ್ ರಿಡೆಂಪ್ಷನ್ 2 ತುಂಬಾ ಕಡಿಮೆಗೆ ಸಿಕ್ಕಿತು ಅಂತ ಖುಷಿಯಿಂದ ಬಂದು ಡಬ್ಬಿ ತೆರೆದರೆ ಒಂದೇ ಡಿಸ್ಕ್. ಅದಕ್ಕೆ ಎರಡು ಡಿಸ್ಕ್, ಇನ್‌ಸ್ಟಾಲ್ ಮಾಡಲು ಡೇಟಾ ಡಿಸ್ಕ್, ಆಡಲು ಪ್ಲೇ ಡಿಸ್ಕ್. ನನಗೆ ಸಿಕ್ಕಿದ್ದು ಪ್ಲೇ ಡಿಸ್ಕ್ ಮಾತ್ರ. ಮಾರಿದವನ ನಂಬರ್ ಆಮೇಲೆ ಸ್ವಿಚ್ ಆಫ್. ಎರಡು ತಿಂಗಳಾದ ಮೇಲೆ, ಪ್ಲೇ ಡಿಸ್ಕ್ ಕಳೆದುಕೊಂಡ ಇನ್ನೊಬ್ಬರು ಸಿಕ್ಕರು. ಅವರ ಡೇಟಾ ಡಿಸ್ಕ್ ಒಂದು ಸಂಜೆಗೆ ತಂದು ಇನ್‌ಸ್ಟಾಲ್ ಮಾಡಿಕೊಂಡೆ. ನಾನು ಆಡಿ ಮುಗಿಸಿ ನನ್ನ ಡಿಸ್ಕನ್ನು ಅವರಿಗೇ ಕೊಟ್ಟುಬಿಟ್ಟೆ, ಜೋಡಿ ಸೇರಲಿ ಅಂತ.

ಇನ್ನೊಂದು ಸಲ ಬೇರೆ ರೀಜನ್ನಿನ (ಬೇರೆ ದೇಶಗಳಲ್ಲಿ ಮಾರಲು ಮಾಡಿದ) ಡಿಸ್ಕ್ ಕೊಂಡೆ. ಪಿಎಸ್ 4 ಯಾವ ರೀಜನ್ ಡಿಸ್ಕನ್ನೂ ಓಡಿಸುತ್ತದೆ, ಸರಿ. ಆದರೆ ಡಿಎಲ್‌ಸಿ, ಅಂದರೆ ಗೇಮಿಗೆ ಆಮೇಲೆ ಇಳಿಸಿ ಸೇರಿಸುವ ಭಾಗ, ಡಿಸ್ಕಿನ ರೀಜನ್ನಿಗೇ ಹೊಂದಬೇಕು. ನನ್ನ ಅಕೌಂಟಿನಲ್ಲಿ ಸೇಲ್‌ನಲ್ಲಿ ಕೊಂಡ ವಿಸ್ತರಣೆ ಆ ಡಿಸ್ಕಿನ ಜೊತೆ ಸೇರಲೇ ಇಲ್ಲ. "ಕಂಪ್ಲೀಟ್ ಎಡಿಷನ್" ಅಂತ ಬರೆದಿದ್ದರೂ ನೋಡಿ ಕೊಳ್ಳಿ. ಕೆಲವದರಲ್ಲಿ ಎಲ್ಲವೂ ಡಿಸ್ಕಿನಲ್ಲೇ ಇರುತ್ತದೆ, ಹೊರೈಜನ್ ಝೀರೋ ಡಾನ್‌ನದ್ದು ಹಾಗೆ. ಕೆಲವದರಲ್ಲಿ ಒಂದು ಕಾಗದದ ಕೋಡ್, ಅದನ್ನು ಮೊದಲ ಮಾಲೀಕರು ಬಳಸಿ ಆಗಿರುತ್ತದೆ.

ನನ್ನ ದೊಡ್ಡ ತಪ್ಪು ಡಿಜಿಟಲ್ ಸೇಲ್. ಶೇಕಡಾ 75, 80 ಕಡಿತ ಕಂಡರೆ ಕೈ ತಡೆಯುವುದಿಲ್ಲ. ಎರಡು ವರ್ಷದಲ್ಲಿ ಎರಡೂವರೆ ಹೊಸ ಗೇಮಿನಷ್ಟು ಹಾಕಿದೆ. ಹದಿನೆಂಟು ಗೇಮ್ ಬಂದವು, ತೆರೆದದ್ದು ಐದು, ಮುಗಿಸಿದ್ದು ಎರಡು. ಡಿಸ್ಕ್ ಆಗಿದ್ದರೆ ಮಾರಬಹುದಿತ್ತು. ಆನ್‌ಲೈನ್ ಆಟಕ್ಕೆ ಮತ್ತು ತಿಂಗಳ ಗೇಮ್‌ಗಳಿಗೆ ಸೋನಿಗೆ ಕಟ್ಟುವ ಚಂದಾ, ಪಿಎಸ್ ಪ್ಲಸ್, ಒಂದು ವರ್ಷಕ್ಕೆ ಕಟ್ಟಿದ್ದೂ ವ್ಯರ್ಥವೇ. ನಾನು ಆನ್‌ಲೈನ್ ಆಡುವುದೇ ಕಡಿಮೆ. ಈಗಂತೂ ಯೋಚಿಸಿಯೇ ಕಟ್ಟಿ. ಜನವರಿ 2026ರಿಂದ ತಿಂಗಳ ಗೇಮ್‌ಗಳಲ್ಲಿ ಪಿಎಸ್ 4 ಮುಖ್ಯವಾಗಿ ಇರುವುದಿಲ್ಲ ಅಂತ ಸೋನಿ ಒಂದು ವರ್ಷ ಮುಂಚೆಯೇ ಹೇಳಿತ್ತು.

ಆನ್‌ಲೈನ್ ಗೇಮ್‌ಗಳ ಬಗ್ಗೆ ಒಂದು ಮಾತು. ಕೊನೆಗಾಲದಲ್ಲಿ ಸರ್ವರ್ ನಂಬಿದ ಗೇಮ್ ಕೊಳ್ಳುವುದು ಅಪಾಯ. ಡ್ರೈವ್‌ಕ್ಲಬ್ ಎಂಥ ಚಂದದ ಕಾರ್ ರೇಸ್ ಗೇಮ್! ಆಗಸ್ಟ್ 2019ರ ಕೊನೆಗೆ ಸ್ಟೋರಿನಿಂದ ಹೋಯಿತು, ಮಾರ್ಚ್ 2020ರ ಕೊನೆಗೆ ಸರ್ವರ್ ನಿಂತಿತು. ನಾನು ಡಿಸ್ಕ್ ಕೊಂಡದ್ದು ಅದಾದ ಎಷ್ಟೋ ಕಾಲಕ್ಕೆ, ಚಿಲ್ಲರೆ ಕಾಸಿಗೆ. ಒಬ್ಬನೇ ಆಡುವ ಭಾಗ ಪೂರ್ತಿ ಇದೆ. ಮಳೆ ಮಾತ್ರ ಡಿಸ್ಕಿನಲ್ಲಿ ಇಲ್ಲ, ಆಮೇಲಿನ ಪ್ಯಾಚಿನಲ್ಲಿ ಬಂದದ್ದು. ಪ್ಯಾಚ್ ಇಳಿಸಿಕೊಂಡೆ. ಕಾರಿನ ಒಳಗಿನ ಕ್ಯಾಮೆರಾದಲ್ಲಿ ನೋಡಿ: ಹನಿಗಳು ಗಾಜಿನ ಮೇಲೆ ವೇಗಕ್ಕೆ ಓರೆಯಾಗಿ ಜಾರುತ್ತವೆ, ವೈಪರ್ ಸರಿಸಿದ ಕಡೆ ಒಂದು ಕ್ಷಣ ದಾರಿ ನಿಚ್ಚಳ, ಮತ್ತೆ ಮಸುಕು. 2014ರ ಗೇಮ್ ಅದು. ಹತ್ತು ವರ್ಷದ ಮೇಲೂ ನಾನು ಆ ಮಳೆ ನೋಡಲೆಂದೇ ಹಾಕುತ್ತೇನೆ. ಅಂಥ ಪ್ಯಾಚ್ ಇಳಿದ ಗೇಮನ್ನು ಡ್ರೈವಿನಿಂದ ಅಳಿಸಬೇಡಿ, ಮುಂದೆ ಸಿಗುತ್ತದೆ ಅಂತ ಯಾರೂ ಬರೆದುಕೊಟ್ಟಿಲ್ಲ.

ಕಂಟ್ರೋಲರ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಎಡಗಡೆಯ ಸ್ಟಿಕ್ ತಾನೇ ಸರಿಯತೊಡಗಿತು. ಕ್ಲೀನರ್ ಸ್ಪ್ರೇ ಒಂದು ತಿಂಗಳು ತಡೆಯಿತು, ಅಷ್ಟೇ. ಬೆಸುಗೆ ಕಿತ್ತು ಆಯಸ್ಕಾಂತದಿಂದ ಕೆಲಸ ಮಾಡುವ ಹಾಲ್ ಎಫೆಕ್ಟ್ ಸ್ಟಿಕ್ ಹಾಕಿದೆ. ಮೊದಲ ಪ್ರಯತ್ನದಲ್ಲಿ ಬೋರ್ಡೇ ಸುಟ್ಟಿತು, ಎರಡನೆಯದರಲ್ಲಿ ಗೆದ್ದೆ. ಸುಟ್ಟದ್ದೂ ಸೇರಿ ಮುಕ್ಕಾಲು ಹೊಸ ಗೇಮಿನ ಖರ್ಚು. ಎರಡು ವರ್ಷ ಆಯಿತು, ಸ್ಟಿಕ್ ಕೂದಲಷ್ಟೂ ಅಲುಗಿಲ್ಲ.

ಈಗ ಲೆಕ್ಕ. ಮೊದಲ ಮೆಷಿನ್ ನಷ್ಟ ಒಂದೂವರೆ. ಪ್ರೊ ನಾಲ್ಕು. ಎಸ್‌ಎಸ್‌ಡಿ ಒಂದೂಕಾಲು. ಪೇಸ್ಟ್, ಪ್ಯಾಡ್, ಬಿಟ್, ಬ್ಯಾಟರಿ ಎಲ್ಲ ಸೇರಿ ಕಾಲು. ಕಂಟ್ರೋಲರ್ ಮುಕ್ಕಾಲು. ಡಿಸ್ಕ್ ಮೂರು. ಡಿಜಿಟಲ್ ಎರಡೂವರೆ. ಪ್ಲಸ್ ಒಂದು. ಒಟ್ಟು ಹದಿನಾಲ್ಕು ಚಿಲ್ಲರೆ. ನನ್ನ ತಪ್ಪುಗಳಿಗೇ ಅದರಲ್ಲಿ ಐದು ಹೋಗಿದೆ. ಇವತ್ತು ಶುರು ಮಾಡುವವರು ಒಂಬತ್ತಕ್ಕೆ ಮುಗಿಸಬಹುದು, ಮೆಷಿನ್ ಸಮೇತ. ಬಿಡುಗಡೆ ಸಮಯದಲ್ಲೇ ಕೊಂಡ ನನ್ನ ಗೆಳೆಯ ಮೆಷಿನ್‌ಗೇ ಆರೂವರೆ ಕೊಟ್ಟಿದ್ದ, ಆಮೇಲೆ ಪೂರ್ತಿ ಬೆಲೆಗೆ ಇಪ್ಪತ್ತು ಗೇಮ್. ಅವನು ಮೊದಲೇ ಆಡಿದ, ಆ ಖುಷಿ ಅವನದು. ನಾನು ಅವನ ಅರ್ಧಕ್ಕಿಂತ ತುಸು ಜಾಸ್ತಿ ದುಡ್ಡಿಗೆ ಎರಡರಷ್ಟು ಆಡಿದೆ.

ಮುಂದಿನದಕ್ಕೂ ನೋಟ್‌ಬುಕ್ ತೆರೆದಿದ್ದೇನೆ. ಪಿಎಸ್ 5ನಲ್ಲಿ ಡಿಸ್ಕ್ ಡ್ರೈವ್ ಇರುವುದೇ ಬೇಕು, ಇಲ್ಲದಿದ್ದರೆ ಉಳಿಸಿಕೊಂಡ ಆರೇಳು ಪಿಎಸ್ 4 ಡಿಸ್ಕ್ ದಂಡ. ಅದರ ಚಿಪ್ ಮೇಲೆ ಪೇಸ್ಟ್ ಅಲ್ಲ, ಲಿಕ್ವಿಡ್ ಮೆಟಲ್ ಇದೆ. ಅದನ್ನು ಬಿಚ್ಚುವುದು ಬೇರೆಯೇ ವಿದ್ಯೆ. ಕೆಟ್ಟುಹೋದ ಬೋರ್ಡ್ ಒಂದನ್ನು ತಂದಿಟ್ಟುಕೊಂಡು ಕೈ ಪಳಗಿಸುತ್ತಿದ್ದೇನೆ.

ಹೋದ ತಿಂಗಳು ಅದೇ ಗೆಳೆಯ ಬಂದ. ಕೈಯಲ್ಲಿ ಚೀಲ, ಚೀಲದಲ್ಲಿ ಅವನ ಪ್ರೊ, 7000 ಸರಣಿಯದ್ದು. "ಇದನ್ನೂ ನಿನ್ನದರ ಹಾಗೆ ಮಾಡಿಕೊಡೋ, ರಾತ್ರಿ ಆಡಿದರೆ ಮಕ್ಕಳು ಏಳ್ತಾರೆ" ಅಂದ. ಬಿಚ್ಚಿದೆವು. ಅವನೇ ಬ್ರಷ್ ಹಿಡಿದು ಒಂದೊಂದೇ ರೆಕ್ಕೆ ಉಜ್ಜಿದ. ಪ್ಯಾಡ್ ಅಳೆದು ಹಾಕಿದೆ. ಪೇಸ್ಟ್ ಹಚ್ಚುವಾಗ ಮಾತ್ರ ಅವನನ್ನು ನೀರು ತರಲು ಕಳಿಸಿದೆ. ಜೋಡಿಸಿ, ಹೊರೈಜನ್ ಹಾಕಿ, ಮ್ಯಾಪ್ ತೆರೆದು, ಇಬ್ಬರೂ ಸುಮ್ನೆ ಕೂತು ಕೇಳಿದೆವು. ಕಾಲು ಗಂಟೆ ಕಳೆಯಿತು. ಅವನು ಎದ್ದು ಬಗ್ಗಿ ಹಿಂಬದಿಗೆ ಕೈ ಹಿಡಿದು, ಗಾಳಿ ಬರುತ್ತಿದೆಯಾ ಅಂತ ನೋಡಿದ. ಬರುತ್ತಿತ್ತು, ಬೆಚ್ಚಗೆ. "ಎಸ್‌ಎಸ್‌ಡಿ ಯಾವುದು ಹಾಕಿದ್ದು ಅಂದೆ?" ಅಂತ ಫೋನ್ ತೆಗೆದ.